ಹರೆಯದವರಿಗೆ ನಾಲಿಗೆ ಕ್ಯಾನ್ಸರ್ ಬಂದರೆ ಉಳಿಯಲ್ಲ ಎಂಬ ಮಾತು ಎಲ್ಲಿಂದ ಬಂತು?

ಮೂರು ವರ್ಷದ ಹಿಂದಿನ ಮಾತು. ಮೇ 31, ವಿಶ್ವ ತಂಬಾಕು ರಹಿತ ದಿನ. ತಾಲ್ಲೂಕು ಕೇಂದ್ರದ ಸಭಾಭವನವೊಂದರಲ್ಲಿ ಕಾರ್ಯಕ್ರಮ ಇತ್ತು, ನಾವು ವರದಿಗೆ ಹೋಗಿದ್ದೆವು. ಭಾಷಣಕಾರರೊಬ್ಬರು ಮೈಕ್ ಹಿಡಿದು, ವಯಸ್ಸಾದವರಿಗೆ ಬಂದರೆ ನಾಲ್ಕಾರು ವರ್ಷ ಎಳೆಯುತ್ತದೆ, ಹುಡುಗರಿಗೆ ನಾಲಿಗೆ ಕ್ಯಾನ್ಸರ್ ಬಂದರೆ ಆರೇ ತಿಂಗಳು ಅಂದರು. ಸಭೆ ಗಪ್‌ಚುಪ್ ಆಯಿತು. ಇಂಥ ಸಾಲು ಸಿಕ್ಕರೆ ಸುದ್ದಿಗಿಷ್ಟು ಅಂತ ಕಾಸು ಎಣಿಸುವ ಸ್ಟ್ರಿಂಗರ್ ಬಿಡುತ್ತಾನೆಯೇ? ನಾವೂ ಬಿಡಲಿಲ್ಲ. ಅದನ್ನೇ ಮೊದಲ ಸಾಲು ಮಾಡಿ ಕಳಿಸಿದೆವು. ಡೆಸ್ಕಿನವರು ಅದನ್ನೇ ತಲೆಬರಹ ಮಾಡಿದರು. ಆ ಮಾತಿಗೆ ಆಧಾರ ಏನು ಅಂತ ಅವರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಹೋದ ವರ್ಷ ಪಕ್ಕದ ಊರಿನ ಯಜಮಾನರೊಬ್ಬರು ಫೋನ್ ಮಾಡಿದರು. ಮಗನಿಗೆ 27 ವರ್ಷ, ಟ್ರ್ಯಾಕ್ಟರ್ ಓಡಿಸುತ್ತಾನೆ. ನಾಲಿಗೆಯ ಎಡ ಅಂಚಿನಲ್ಲಿ ಒಂದು ಹುಣ್ಣು. ಮೊದಲು ಬಿ-ಕಾಂಪ್ಲೆಕ್ಸ್ ಮಾತ್ರೆ, ಆಮೇಲೆ ಮೆಡಿಕಲ್ ಶಾಪಿನ ಮುಲಾಮು, ಆಮೇಲೆ ಯಾರೋ ಹೇಳಿದ ಸೊಪ್ಪಿನ ರಸ, ಆಮೇಲೆ "ಹಲ್ಲು ಚೂಪಾಗಿದೆ, ಅದು ತಾಗ್ತಿದೆ" ಅಂತ ಹಲ್ಲು ಉಜ್ಜಿಸಿದ್ದು. ಹೀಗೆ ನಾಲ್ಕು ತಿಂಗಳು ಹೋಗಿತ್ತು. ಕೊನೆಗೆ ಬಯಾಪ್ಸಿ ಆಯಿತು, ಕ್ಯಾನ್ಸರ್ ಅಂತ ಬಂತು. ಆಸ್ಪತ್ರೆಯವರು ಆಪರೇಷನ್‌ಗೆ ದಿನ ಕೊಟ್ಟಿದ್ದರು.

"ನೀವೇ ಬರ್ದಿದ್ರಲ್ಲ ಸರ್, ಹುಡುಗ್ರಿಗೆ ಬಂದ್ರೆ ಆರು ತಿಂಗ್ಳು ಅಂತ. ಆ ಪೇಪರ್ ಕಟಿಂಗು ನಮ್ಮ ಗ್ರೂಪಿನಾಗೆ ಬಂದೈತಿ. ಆರು ತಿಂಗ್ಳಿಗೋಸ್ಕರ ನಾಲಿಗಿ ಕೊಯ್ಸಿ ಹುಡುಗನ್ನ ಮೂಗನ್ನ ಮಾಡೋದು ಬ್ಯಾಡ, ಇರೋಗಂಟ ಚೆಂದಾಗಿ ಉಂಡ್ಕೊಂಡಿರ್ಲಿ ಅಂತ ಮನ್ಯಾಗೆ ಮಾತಾಗೈತಿ. ಖರೇ ಹೇಳ್ರಿ, ಏನ್ ಮಾಡಾಣ?"

ನಮಗೆ ಬಾಯಿ ಬರಲಿಲ್ಲ. "ಯಜಮಾನ್ರೇ, ಎರಡು ದಿನ ಕೊಡಿ. ಅಷ್ಟರಲ್ಲಿ ಆಪರೇಷನ್ ದಿನ ಮಾತ್ರ ಕ್ಯಾನ್ಸಲ್ ಮಾಡಿಸಬೇಡಿ" ಅಂತಷ್ಟೇ ಹೇಳಿದೆವು. ಆ ಎರಡು ದಿನ ನೂರು ವರ್ಷದ ಹಿಂದಕ್ಕೆ ಹೋಗಬೇಕಾಯಿತು. ಅಲ್ಲಿ ಕಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ನಾಲಿಗೆ ಕ್ಯಾನ್ಸರ್ ಹೊಸ ಕಾಯಿಲೆಯಲ್ಲ. 19ನೇ ಶತಮಾನದ ಯುರೋಪು, ಅಮೆರಿಕದ ವೈದ್ಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದರೆ ಅವರ ಮನಸ್ಸಿನಲ್ಲಿದ್ದ ರೋಗಿಯ ಚಿತ್ರ ಒಂದೇ: ವಯಸ್ಸಾದ ಗಂಡಸು, ಬಾಯಲ್ಲಿ ಪೈಪೋ ಚುಟ್ಟವೋ. ಅಮೆರಿಕದ ಅಧ್ಯಕ್ಷರಾಗಿದ್ದ ಯುಲಿಸಿಸ್ ಗ್ರ್ಯಾಂಟ್ ಆ ಚಿತ್ರಕ್ಕೆ ಸರಿಯಾಗಿ ಹೊಂದುತ್ತಿದ್ದರು. ಜೀವನವಿಡೀ ಚುಟ್ಟ ಸೇದಿದ ಮನುಷ್ಯ. 1884ರ ಬೇಸಿಗೆಯಲ್ಲಿ ಪೀಚ್ ಹಣ್ಣು ತಿನ್ನುವಾಗ ಗಂಟಲಿಗೆ ಚುಚ್ಚಿದಂತಾಯಿತು. ಅವರ ಖಾಯಂ ಡಾಕ್ಟರು ಯುರೋಪಿಗೆ ಹೋಗಿದ್ದರು. ಬರಲಿ ನೋಡೋಣ ಅಂತ ಗ್ರ್ಯಾಂಟ್ ಅಕ್ಟೋಬರ್‌ವರೆಗೆ ಕಾದರು. ಗಂಟಲಿನ ತಜ್ಞರು ನೋಡುವ ಹೊತ್ತಿಗೆ ನಾಲಿಗೆಯ ಬುಡದ ಕಡೆ ಗಡ್ಡೆ ಬೆಳೆದಿತ್ತು. 1885ರ ಜುಲೈ 23ರಂದು, 63ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ನೋವಿನಲ್ಲೇ ಕುಳಿತು ಆತ್ಮಕಥೆ ಬರೆದು ಮುಗಿಸಿ, ಕೆಲವೇ ದಿನಕ್ಕೆ ಕಣ್ಣು ಮುಚ್ಚಿದರು. ಸಾಲದಲ್ಲಿದ್ದ ಮನೆಯವರಿಗೆ ಆ ಪುಸ್ತಕದ ದುಡ್ಡೇ ಗತಿಯಾಯಿತು.

ಗ್ರ್ಯಾಂಟ್ ಹೆಸರು ಯಾಕೆ ತಂದೆವು ಎಂದರೆ, ವಯಸ್ಸಾದವರಿಗೆ ಬಂದರೆ ನಿಧಾನ ಎಂಬ ಮಾತು ಸುಳ್ಳು ಅಂತ ತೋರಿಸಲಿಕ್ಕೆ. ನೋವು ಕಂಡ ಮೇಲೆ ಸುಮಾರು ಒಂದು ವರ್ಷ, ಅಷ್ಟೇ. ಮತ್ತೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇವೆ. ನಾಲಿಗೆಯ ಬುಡದ ಕ್ಯಾನ್ಸರ್ ಬೇರೆ, ಕನ್ನಡಿಯಲ್ಲಿ ನಾಲಿಗೆ ಚಾಚಿದರೆ ಕಾಣುವ ಮುಂದಿನ ಭಾಗದ ಕ್ಯಾನ್ಸರ್ ಬೇರೆ. ಇವತ್ತು ಅಮೆರಿಕದಲ್ಲಿ ಬುಡದ ಕ್ಯಾನ್ಸರಿಗೆ ಹೆಚ್ಚಾಗಿ ಕಾರಣ ಎಚ್‌ಪಿವಿ ಎಂಬ ವೈರಸ್, ಮತ್ತು ಅಂಥದ್ದು ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಮೊಬೈಲಿನಲ್ಲಿ ಹುಡುಕುವವರು ಅದನ್ನೂ ಇದನ್ನೂ ಕಲಸಿಕೊಂಡು ಒಮ್ಮೆ ಹಿಗ್ಗುತ್ತಾರೆ, ಒಮ್ಮೆ ಕುಗ್ಗುತ್ತಾರೆ. ನಾವಿಲ್ಲಿ ಮಾತಾಡುತ್ತಿರುವುದು ಮುಂದಿನ ಭಾಗದ್ದು. ನಮ್ಮ ಟ್ರ್ಯಾಕ್ಟರ್ ಹುಡುಗನಿಗೆ ಬಂದದ್ದೂ ಅದೇ.

ಆ ಕಾಲದ ಚಿಕಿತ್ಸೆ ಏನಿತ್ತು? ಕತ್ತರಿ, ಚಾಕು. ಸ್ವಿಟ್ಜರ್‌ಲೆಂಡಿನ ಥಿಯೋಡರ್ ಕೋಕರ್‌ನಂಥ ಸರ್ಜನ್ನರು ನಾಲಿಗೆ ತೆಗೆಯುವ ದಾರಿಗಳನ್ನು ಹುಡುಕಿದರು. ಬಾಯಲ್ಲಿ ಇದ್ದದ್ದನ್ನು ತೆಗೆದರೂ ಕೆಲವು ತಿಂಗಳಿಗೆ ಕತ್ತಿನಲ್ಲಿ ಗಂಟು ಏಳುತ್ತಿತ್ತು. 1906ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಜಾರ್ಜ್ ಕ್ರೈಲ್ ಎಂಬ ಸರ್ಜನ್ ತಮ್ಮ 132 ಆಪರೇಷನ್‌ಗಳ ಲೆಕ್ಕ ಪ್ರಕಟಿಸಿ, ಕತ್ತಿನ ಗ್ರಂಥಿಗಳನ್ನೂ ಒಟ್ಟಾಗಿ ತೆಗೆಯಬೇಕು ಅಂತ ಹೇಳಿದರು. ಈ ಕತ್ತಿನ ವಿಷಯ ನೆನಪಿಟ್ಟುಕೊಳ್ಳಿ. ನೂರು ವರ್ಷ ಬಿಟ್ಟು ಇದು ಮುಂಬೈಗೆ ಬರುತ್ತದೆ.

ನಮ್ಮ ಕಡೆ ಕಥೆ ಬೇರೆ ಇತ್ತು. ದಕ್ಷಿಣದ ತಿರುವಾಂಕೂರಿನ ನೆಯ್ಯೂರು ಎಂಬ ಊರಿನಲ್ಲಿ (ಈಗ ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆ) ಒಂದು ಮಿಷನ್ ಆಸ್ಪತ್ರೆ. ಅಲ್ಲಿಯ ವೈದ್ಯರು ದಿನಾ ಬಾಯಿ ಕ್ಯಾನ್ಸರ್ ರೋಗಿಗಳನ್ನೇ ನೋಡುತ್ತಿದ್ದರು. 1933ರಲ್ಲಿ ಅಲ್ಲಿಯ ಡಾಕ್ಟರ್ ಆರ್ ಎಂಬುವರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ಬರೆದರು. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಹಾಕಿ ಕೆನ್ನೆಯ ಸಂದಿಯಲ್ಲಿ ಒತ್ತಿ ಇಟ್ಟುಕೊಳ್ಳುತ್ತಾರಲ್ಲ, ನಮ್ಮಲ್ಲಿ ಕ್ಯಾನ್ಸರ್ ಹೆಚ್ಚಾಗಿ ಏಳುವುದೂ ಅದೇ ಸಂದಿಯಲ್ಲಿ. ಹಾಗಾಗಿ ನಮ್ಮಲ್ಲಿ ಕೆನ್ನೆ, ಒಸಡಿನ ಕ್ಯಾನ್ಸರ್ ಜಾಸ್ತಿ, ಅವರಲ್ಲಿ ನಾಲಿಗೆಯದು ಜಾಸ್ತಿ. ಎರಡೂ ಕಡೆ ಕಾಯಿಲೆ ಬರುತ್ತಿದ್ದದ್ದು ಮಾತ್ರ ಹಲವು ವರ್ಷ ಅಗಿದವರಿಗೆ, ಸೇದಿದವರಿಗೆ. ಹುಡುಗರಿಗೂ ಬರಬಹುದು ಎಂಬ ಯೋಚನೆ ವೈದ್ಯರಿಗೇ ಇರಲಿಲ್ಲ.

ಆ ಯೋಚನೆಗೆ ಮೊದಲ ಪೆಟ್ಟು ಬಿದ್ದದ್ದು ಎಲ್ಲಿ ಅಂತ ಹುಡುಕಿದರೆ, ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ಪಟ್ಟಣಕ್ಕೆ ಹೋಗಬೇಕಾಗುತ್ತದೆ. ಅಲ್ಲಿಯ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಆಸ್ಪತ್ರೆಯ ಸರ್ಜನ್ ರಾಬರ್ಟ್ ಬೈಯರ್ಸ್ 1975ರಲ್ಲಿ ಒಂದು ಲೇಖನ ಬರೆದರು. 30 ವರ್ಷದೊಳಗಿನ ನಾಲಿಗೆ ಕ್ಯಾನ್ಸರ್ ರೋಗಿಗಳ ಲೆಕ್ಕ ಅದು. ಅಷ್ಟು ದೊಡ್ಡ ಆಸ್ಪತ್ರೆಯಲ್ಲೂ ಸಿಕ್ಕವರು ಹತ್ತು ಹನ್ನೆರಡು ಮಂದಿ. ಅವರಲ್ಲಿ ಕಾಯಿಲೆ ಜೋರಾಗಿ ನಡೆದಿತ್ತು. ಹರೆಯದವರಲ್ಲಿ ಇದು ಉಗ್ರವಾಗಿರುವಂತಿದೆ, ಚಿಕಿತ್ಸೆಯೂ ಅಷ್ಟೇ ಗಟ್ಟಿಯಾಗಿರಬೇಕು ಎಂಬುದು ಆ ಬರಹದ ಸಾರ. ಬೈಯರ್ಸ್ ಹೇಳಿದ್ದು ಚಿಕಿತ್ಸೆ ಗಟ್ಟಿಯಾಗಿ ಮಾಡಿ ಅಂತ. ಬಾಯಿಂದ ಬಾಯಿಗೆ ಹೋಗುವಾಗ ಅದು ಚಿಕಿತ್ಸೆ ಮಾಡಿ ಉಪಯೋಗ ಇಲ್ಲ ಅಂತಾಯಿತು. ಸುದ್ದಿ ಬರೆಯುವವರಾಗಿ ನಮಗಿದು ಹೊಸದಲ್ಲ. ನಾವು ಕಳಿಸಿದ ಸಾಲೇ ಬೆಳಗಾಗುವಷ್ಟರಲ್ಲಿ ತಲೆಬರಹದಲ್ಲಿ ಬೇರೆಯಾಗಿ ಕುಳಿತಿರುತ್ತದೆ.

ಆಮೇಲೆ ಬಂದದ್ದು ಶಾನ್ ಮಾರ್ಸಿ ಎಂಬ ಹುಡುಗನ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಓಕ್ಲಹೋಮ ರಾಜ್ಯದ ತಾಲಿಹೀನ ಎಂಬ ಚಿಕ್ಕ ಊರು. ಶಾನ್ ಅಲ್ಲಿಯ ಹೈಸ್ಕೂಲಿನ ಓಟಗಾರ. ಗೆದ್ದ ಪದಕ 28 ಅಂತ ಲೆಕ್ಕ. ಸಿಗರೇಟು ಮುಟ್ಟುತ್ತಿರಲಿಲ್ಲ, ಮೈಕಟ್ಟು ಕಾಪಾಡಿಕೊಂಡಿದ್ದ. ಆದರೆ 12ನೇ ವಯಸ್ಸಿನಿಂದ ಒದ್ದೆ ನಶ್ಯವನ್ನು ಒಸಡಿನ ಸಂದಿಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ. ನಮ್ಮ ಹುಡುಗರ ಕಡ್ಡಿಪುಡಿ ಇದ್ದಂತೆ ಅಂದುಕೊಳ್ಳಿ. ತಾಯಿ ಬೆಟ್ಟಿ ಮಾರ್ಸಿ ನರ್ಸ್. ಅದು ಕೆಟ್ಟದ್ದು ಅಂತ ಅವರು ಹೇಳಿದರೆ ಮಗನ ಉತ್ತರ ಸಿದ್ಧ ಇತ್ತು: ಕೆಟ್ಟದ್ದಾಗಿದ್ದರೆ ಡಬ್ಬಿ ಮೇಲೆ ಎಚ್ಚರಿಕೆ ಇರುತ್ತಿರಲಿಲ್ಲವೇ? ಟಿವಿಯಲ್ಲಿ ದೊಡ್ಡ ದೊಡ್ಡ ಆಟಗಾರರು ಜಾಹೀರಾತು ಕೊಡುತ್ತಿದ್ದರೇ? ಆಗ ಆ ಡಬ್ಬಿ ಮೇಲೆ ನಿಜಕ್ಕೂ ಎಚ್ಚರಿಕೆ ಇರಲಿಲ್ಲ.

1983ರಲ್ಲಿ, 18ನೇ ವಯಸ್ಸಿನಲ್ಲಿ ಅವನ ನಾಲಿಗೆ ಮೇಲೆ ಹುಣ್ಣು ಕಂಡಿತು. ನಾಲಿಗೆಯ ಭಾಗ ತೆಗೆದರು. ಕತ್ತಿಗೆ ಬಂತು, ಕತ್ತಿನ ಆಪರೇಷನ್ ಆಯಿತು. ದವಡೆಗೆ ಬಂತು. 1984ರ ಫೆಬ್ರವರಿ 25ರಂದು ತೀರಿಕೊಂಡಾಗ ಅವನಿಗೆ 19 ವರ್ಷ. ಗುರುತು ಹಿಡಿದದ್ದರಿಂದ ಒಂದು ವರ್ಷವೂ ತುಂಬಿರಲಿಲ್ಲ.

ತಾಯಿ ಕಂಪನಿ ಮೇಲೆ ಕೇಸು ಹಾಕಿದರು. 1986ರಲ್ಲಿ ಓಕ್ಲಹೋಮ ಸಿಟಿಯ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ತಮ್ಮ ನಶ್ಯದಿಂದಲೇ ಈ ಕ್ಯಾನ್ಸರ್ ಬಂತು ಅನ್ನುವುದಕ್ಕೆ ಪುರಾವೆ ಇಲ್ಲ ಅಂತ ಕಂಪನಿ ವಾದಿಸಿತು. ಜ್ಯೂರಿ ಕಂಪನಿ ಪರ ತೀರ್ಪು ಕೊಟ್ಟಿತು. 1989ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ತಾಯಿ ಕೋರ್ಟಿನಲ್ಲಿ ಸೋತರು. ಆದರೆ ಆಕೆಯ ಮಗನ ಕಥೆ ದೇಶವೆಲ್ಲ ಹರಡಿದ ಹೊತ್ತಿನಲ್ಲೇ, 1986ರಲ್ಲಿ, ಅಮೆರಿಕದ ಸಂಸತ್ತು ನಶ್ಯ ಮತ್ತು ಅಗಿಯುವ ತಂಬಾಕಿನ ಡಬ್ಬಿ ಮೇಲೆ ಎಚ್ಚರಿಕೆ ಕಡ್ಡಾಯ ಮಾಡುವ ಕಾನೂನು ತಂದಿತು. ಟಿವಿ, ರೇಡಿಯೋ ಜಾಹೀರಾತೂ ಬಂದ್ ಆಯಿತು.

ಶಾಲೆಗಳಲ್ಲಿ, ಪತ್ರಿಕೆಗಳಲ್ಲಿ ಶಾನ್ ಕಥೆಯನ್ನು ಮತ್ತೆ ಮತ್ತೆ ಹೇಳಿದರು. ಹೇಳಬೇಕಾದದ್ದೇ, ಎಷ್ಟೋ ಹುಡುಗರು ಡಬ್ಬಿ ಎಸೆದಿರಬಹುದು. ಆದರೆ ಅದರ ಜೊತೆಗೆ ಇನ್ನೊಂದು ನಂಬಿಕೆಯೂ ಗಟ್ಟಿಯಾಯಿತು ಅಂತ ನಮಗನ್ನಿಸುತ್ತದೆ: ಹುಡುಗ, ನಾಲಿಗೆ, ಕ್ಯಾನ್ಸರ್ ಎಂದರೆ ಹತ್ತು ತಿಂಗಳು. ಬದುಕಿ ಉಳಿದು ಮನೆಗೆ ಹೋದ ಹುಡುಗನ ಕಥೆಯನ್ನು ಯಾರು ಅಚ್ಚು ಹಾಕುತ್ತಾರೆ? ಗಾಳಿಗೆ ಬಿದ್ದ ಅಡಿಕೆ ಮರ ಮಾತ್ರ ಎಣಿಸಿದರೆ ತೋಟದಲ್ಲಿ ಒಂದು ಮರವೂ ನಿಂತಿಲ್ಲ ಅಂತಲೇ ಲೆಕ್ಕ ಬರುತ್ತದೆ.

ವೈದ್ಯರೂ ಆಗ ಇದೇ ಗೊಂದಲದಲ್ಲಿದ್ದರು. ಒಂದು ಆಸ್ಪತ್ರೆ ಆರು ಮಂದಿಯನ್ನು ನೋಡಿ ಬರೆಯಿತು, ಇನ್ನೊಂದು ಹದಿನೈದು. 1994ರಲ್ಲಿ ವಿಸ್ಕಾನ್ಸಿನ್‌ನ ಇಬ್ಬರು ವೈದ್ಯರು ತಮ್ಮ ಕೆಲವೇ ರೋಗಿಗಳ ಜೊತೆಗೆ ಹಳೆಯ ವರದಿಗಳನ್ನೆಲ್ಲ ಸೇರಿಸಿ, 40ರೊಳಗಿನವರಿಗೆ ಕಾಯಿಲೆ ಹೆಚ್ಚು ಉಗ್ರ ಎಂಬ ಪಕ್ಷವನ್ನೇ ಹಿಡಿದರು. ಇಲ್ಲಿ ತಪ್ಪು ಯಾರದ್ದೂ ಅಲ್ಲ. ಇಷ್ಟು ಅಪರೂಪದ ಕಾಯಿಲೆಗೆ ರೋಗಿಗಳು ಸಿಗುವುದೇ ಹಾಗೆ. ತೊಂದರೆ ಇದ್ದದ್ದು ಹೋಲಿಕೆಯಲ್ಲಿ. ಬೋರ್‌ವೆಲ್ ನೀರಿನ ಮೆಕ್ಕೆಜೋಳವನ್ನೂ ಮಳೆ ನಂಬಿದ ಹೊಲದ ಮೆಕ್ಕೆಜೋಳವನ್ನೂ ಪಕ್ಕಪಕ್ಕ ಇಟ್ಟು ಬೀಜ ಯಾವುದು ಒಳ್ಳೆಯದು ಅಂತ ತೀರ್ಮಾನಿಸಿದರೆ ಒಪ್ಪುತ್ತೀರಾ? ಹಾಗೆಯೇ, ಗಡ್ಡೆ ದೊಡ್ಡದಾದ ಮೇಲೆ ಬಂದ ಹುಡುಗನನ್ನು, ಗಡ್ಡೆ ಚಿಕ್ಕದಿದ್ದಾಗಲೇ ಬಂದ ಅಜ್ಜನ ಜೊತೆ ಹೋಲಿಸಿದರೆ ವಯಸ್ಸಿನ ಲೆಕ್ಕ ಸಿಗುವುದಿಲ್ಲ.

ಸರಿಯಾದ ಹೋಲಿಕೆಗೆ 1998ರವರೆಗೆ ಕಾಯಬೇಕಾಯಿತು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯವರು 40 ವರ್ಷದೊಳಗಿನ 36 ಮಂದಿ ನಾಲಿಗೆ ಕ್ಯಾನ್ಸರ್ ರೋಗಿಗಳನ್ನು ತೆಗೆದುಕೊಂಡರು. ಕಾಯಿಲೆಯ ಹಂತ ನೋಡಿ, ಅವರಿಗೆ ಸರಿಸಮನಾದ ಹಿರಿಯ ರೋಗಿಗಳನ್ನು ಜೋಡಿ ಮಾಡಿದರು. ಎತ್ತಿಗೆ ಎತ್ತು ನೋಡಿ ಜೋಡಿ ಕಟ್ಟುವ ಹಾಗೆ. ಆ ತಂಡದಲ್ಲಿದ್ದ ಜತಿನ್ ಶಾ ಬರೋಡಾದಲ್ಲಿ ಡಾಕ್ಟರಿಕೆ ಓದಿ ಹೋದವರು, ತಲೆ ಮತ್ತು ಕತ್ತಿನ ಕ್ಯಾನ್ಸರ್ ಸರ್ಜರಿಯಲ್ಲಿ ಜಗತ್ತಿಗೇ ದೊಡ್ಡ ಹೆಸರು. ಫಲಿತಾಂಶ ಎರಡು ಮಾತಿನದ್ದು. ಹರೆಯದವರಲ್ಲಿ ಕಾಯಿಲೆ ಅದೇ ಜಾಗದಲ್ಲಿ ಅಥವಾ ಕತ್ತಿನಲ್ಲಿ ಮರುಕಳಿಸುವುದು ಹೆಚ್ಚು ಕಂಡಿತು. ಆದರೆ ಬದುಕುಳಿದವರ ಲೆಕ್ಕದಲ್ಲಿ ಹರೆಯದವರಿಗೂ ಹಿರಿಯರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಅಂದರೆ ಹುಡುಗರನ್ನು ಬಿಗಿಯಾಗಿ ನೋಡಿಕೊಳ್ಳಬೇಕು, ಚೆಕಪ್ ತಪ್ಪಿಸಬಾರದು ಎಂಬುದು ನಿಜ. ಹುಡುಗರು ಉಳಿಯುವುದೇ ಇಲ್ಲ ಎಂಬುದು ಸುಳ್ಳು.

ಆಮೇಲೆ ಲೆಕ್ಕ ದೊಡ್ಡದಾಗುತ್ತ ಹೋಯಿತು. ಅಮೆರಿಕದವರು 1973ರಿಂದ ಕ್ಯಾನ್ಸರ್ ರೋಗಿಗಳ ದಾಖಲೆ ಇಡುತ್ತ ಬಂದಿದ್ದಾರೆ. (ನಮ್ಮ ದೇಶದಲ್ಲೂ 1980ರ ದಶಕದ ಶುರುವಿನಲ್ಲಿ ಐಸಿಎಂಆರ್ ಇಂಥ ನೋಂದಣಿ ಆರಂಭಿಸಿತು. ಮೊದಲ ಕೇಂದ್ರಗಳಲ್ಲಿ ಬೆಂಗಳೂರಿನ ಕಿದ್ವಾಯಿಯೂ ಒಂದು.) ಆ ದಾಖಲೆ ತೆಗೆದು ನೋಡಿದಾಗ ಹರೆಯದವರಲ್ಲಿ ನಾಲಿಗೆ ಕ್ಯಾನ್ಸರ್ ಹೆಚ್ಚಾದದ್ದು ನಿಜ ಅಂತ ಗೊತ್ತಾಯಿತು. 2011ರಲ್ಲಿ ಬಂದ ಇನ್ನೊಂದು ಅಧ್ಯಯನ 18ರಿಂದ 44ರ ವಯಸ್ಸಿನ ಬಿಳಿಯ ಹೆಂಗಸರಲ್ಲಿ ಇದು ಏರುತ್ತಿದೆ ಎಂದು ತೋರಿಸಿತು. ಹೀಗೆ ಬರುವ ಎಷ್ಟೋ ಮಂದಿ ಹರೆಯದವರು ತಂಬಾಕನ್ನು ಮುಟ್ಟಿದವರೇ ಅಲ್ಲ. ಯಾಕೆ ಬರುತ್ತದೆ ಎಂಬುದು ವಿಜ್ಞಾನಿಗಳಿಗೇ ಇನ್ನೂ ಬಿಡಿಸಲಾಗದ ಗಂಟು. ಹಾಗಾಗಿ ನಾಲಿಗೆ ಕ್ಯಾನ್ಸರ್ ಬಂದ ಹೆಣ್ಣುಮಗಳನ್ನು ನೋಡಿ, ಏನೋ ಚಟ ಇದ್ದೀತು ಅಂತ ಗುಸುಗುಸು ಮಾಡುವವರು ದಯವಿಟ್ಟು ಬಾಯಿ ಮುಚ್ಚಿಕೊಳ್ಳಬೇಕು.

ಇನ್ನೊಂದು ಪ್ರಶ್ನೆ ಉಳಿದಿತ್ತು. ಚಟವಿಲ್ಲದ ಹುಡುಗನ ಕ್ಯಾನ್ಸರ್ ಒಳಗಿನಿಂದಲೇ ಬೇರೆ ಜಾತಿಯದ್ದೋ? 2014ರಲ್ಲಿ ಗಡ್ಡೆಯ ವಂಶವಾಹಿಗಳನ್ನೇ ಬಿಡಿಸಿ ನೋಡಿದರು. ಸೇದದ ಹರೆಯದವರ ಗಡ್ಡೆಯೂ ಸೇದಿದ ಹಿರಿಯರ ಗಡ್ಡೆಯೂ ಒಳಗಿನಿಂದ ಬಹುಪಾಲು ಒಂದೇ ತರಹ ಇದ್ದವು. ಈ ಕೆಲಸ ಮಾಡಿದ್ದು ಯಾರು ಗೊತ್ತೇ? ಹ್ಯೂಸ್ಟನ್ನಿನ ಅದೇ ಎಂ.ಡಿ. ಆಂಡರ್ಸನ್ ಆಸ್ಪತ್ರೆಯವರು. 1975ರಲ್ಲಿ ಹತ್ತು ಹನ್ನೆರಡು ಮಂದಿಯನ್ನು ನೋಡಿ ಅನುಮಾನ ಎತ್ತಿದ ಮನೆಯಿಂದಲೇ ಸುಮಾರು 40 ವರ್ಷಕ್ಕೆ ಈ ಉತ್ತರ ಬಂತು.

2019ರಲ್ಲಿ ಅಮೆರಿಕದ 20 ಸಾವಿರಕ್ಕೂ ಹೆಚ್ಚು ನಾಲಿಗೆ ಕ್ಯಾನ್ಸರ್ ರೋಗಿಗಳ ದಾಖಲೆ ನೋಡಿದಾಗಲಂತೂ ಐದು ವರ್ಷ ಬದುಕುಳಿದವರ ಪ್ರಮಾಣ 40ರೊಳಗಿನವರಲ್ಲೇ ಹೆಚ್ಚಿತ್ತು. ಇದನ್ನೂ ಎಚ್ಚರದಿಂದ ಓದಬೇಕು. ವಯಸ್ಸಾದವರಿಗೆ ಸಕ್ಕರೆ ಕಾಯಿಲೆ, ಬಿಪಿ, ಎದೆನೋವು ಎಲ್ಲ ಇರುತ್ತದೆ. ಕ್ಯಾನ್ಸರ್ ವಾಸಿಯಾದರೂ ಬೇರೆ ಕಾರಣಕ್ಕೆ ಹೋಗುತ್ತಾರೆ. ದೊಡ್ಡ ಆಪರೇಷನ್, ಅದರ ಮೇಲೆ ಆರು ವಾರ "ಕರೆಂಟ್ ಕೊಡೋದು" ಅಂತ ನಮ್ಮವರು ಹೇಳುವ ರೇಡಿಯೇಷನ್, ಇದನ್ನೆಲ್ಲ ತಡೆಯುವ ಶಕ್ತಿ ಹರೆಯದ ಮೈಗೆ ಹೆಚ್ಚು. ಇನ್ನು, ಹುಡುಗರಲ್ಲಿ ಮರುಕಳಿಕೆ ಹೆಚ್ಚು ಎನ್ನುವ ವರದಿಗಳು ಈಗಲೂ ಬರುತ್ತವೆ. ವಾದ ಪೂರ್ತಿ ಮುಗಿದಿಲ್ಲ. ಆದರೆ ಆರು ತಿಂಗಳು ಎಂಬ ಮಾತಿಗೆ ಎಲ್ಲಿಯೂ ಆಧಾರ ಸಿಗಲಿಲ್ಲ. ಭಾಷಣಕಾರರು ಅದನ್ನು ಎಲ್ಲಿಂದ ತಂದರೋ, ನಾವು ಅದನ್ನು ಪೇಪರಿಗೆ ತಂದೆವು.

ಹಾಗಾದರೆ ವ್ಯತ್ಯಾಸ ಮಾಡುವುದು ಯಾವುದು? ಹಂತ. ಗಡ್ಡೆ ಎಷ್ಟು ದೊಡ್ಡದು, ಎಷ್ಟು ಆಳ, ಕತ್ತಿಗೆ ಇಳಿದಿದೆಯೋ ಇಲ್ಲವೋ. ಕತ್ತಿನ ಗ್ರಂಥಿಗೆ ಬಂದರೆ ಉಳಿಯುವ ಅವಕಾಶ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಸರ್ಜನ್ನರು ಬಹಳ ಕಾಲದಿಂದ ಹೇಳುವ ಮಾತು. ಇಲ್ಲಿಗೇ ಮುಂಬೈ ಬರುತ್ತದೆ. ಕ್ರೈಲ್ ಕಾಲದಿಂದ ಒಂದು ಜಗಳ ಇತ್ತು: ಕತ್ತಿನಲ್ಲಿ ಗಂಟು ಕಾಣದಿದ್ದರೂ ಮೊದಲ ಆಪರೇಷನ್ನಿನಲ್ಲೇ ಗ್ರಂಥಿ ತೆಗೆಯಬೇಕೋ, ಗಂಟು ಬಂದ ಮೇಲೆ ತೆಗೆದರೆ ಸಾಕೋ? ಟಾಟಾ ಮೆಮೋರಿಯಲ್ ಆಸ್ಪತ್ರೆಯ ಅನಿಲ್ ಡಿಕ್ರೂಜ್ ಮತ್ತು ತಂಡ 2004ರಿಂದ 2014ರವರೆಗೆ 596 ಮಂದಿಯನ್ನು ಸೇರಿಸಿಕೊಂಡು ಪರೀಕ್ಷಿಸಿತು. ಎಲ್ಲರೂ ಆರಂಭದ ಹಂತದ ಬಾಯಿ ಕ್ಯಾನ್ಸರಿನವರು, ಬಹುಪಾಲು ನಾಲಿಗೆಯದ್ದೇ. 500 ಮಂದಿಯ ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. ಮೊದಲೇ ಕತ್ತಿನ ಗ್ರಂಥಿ ತೆಗೆದವರಲ್ಲಿ ಮೂರು ವರ್ಷಕ್ಕೆ ಬದುಕಿದ್ದವರು ಶೇ. 80. ಗಂಟು ಬರಲಿ ನೋಡೋಣ ಅಂತ ಕಾದವರಲ್ಲಿ ಶೇ. 67.5. ನೂರು ವರ್ಷದ ಜಗಳಕ್ಕೆ ನಮ್ಮ ದೇಶದ ಆಸ್ಪತ್ರೆ, ನಮ್ಮ ದೇಶದ ರೋಗಿಗಳು ಉತ್ತರ ಕೊಟ್ಟರು.

ಶೇ. 80 ಎಂಬುದನ್ನು ಆ ಯಜಮಾನರಿಗೆ ಫೋನಿನಲ್ಲಿ ಹೇಳುವಾಗ ನಮ್ಮ ದನಿ ನಡುಗಿತು. ಅದು ಆರಂಭದ ಹಂತದವರ ಲೆಕ್ಕ. ಅವರ ಮಗ ನಾಲ್ಕು ತಿಂಗಳು ಕಳೆದುಕೊಂಡಿದ್ದ.

ಹುಡುಗರಿಗೆ ನಿಜವಾದ ಅಪಾಯ ಇರುವುದು ಇಲ್ಲೇ. 60 ವರ್ಷದ ಬೀಡಿ ಸೇದುವವರ ನಾಲಿಗೆಯಲ್ಲಿ ಹುಣ್ಣು ಕಂಡರೆ ಡಾಕ್ಟರಿಗೆ ಮೊದಲು ಹೊಳೆಯುವುದೇ ಕ್ಯಾನ್ಸರ್. 25 ವರ್ಷದವನದ್ದು ಕಂಡರೆ ಹೊಳೆಯುವುದು ಉಷ್ಣ, ಬಿ-ಕಾಂಪ್ಲೆಕ್ಸ್, ಹಲ್ಲು. ಮನೆಯವರಿಗೂ ಹಾಗೆಯೇ. ನಮ್ಮ ದೇಶದಲ್ಲಿ ಬಾಯಿ ಕ್ಯಾನ್ಸರಿನವರು ಹೆಚ್ಚಾಗಿ ದೊಡ್ಡಾಸ್ಪತ್ರೆ ಮುಟ್ಟುವುದೇ 3ನೇ, 4ನೇ ಹಂತದಲ್ಲಿ. ಮಾಮೂಲಿ ಬಾಯಿಹುಣ್ಣು ಎರಡು ವಾರದಲ್ಲಿ ಮಾಯುತ್ತದೆ. ಎರಡು ಮೂರು ವಾರ ಕಳೆದರೂ ಮಾಯದ, ಅಂಚು ಗಟ್ಟಿಯಾದ, ಮುಟ್ಟಿದರೆ ರಕ್ತ ಬರುವ ಹುಣ್ಣಿಗೆ ಮಾತ್ರೆ ಬದಲಿಸುತ್ತ ಕೂರಬಾರದು, ಬಯಾಪ್ಸಿ ಮಾಡಿಸಬೇಕು. ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯರಿಗೆ ತೋರಿಸಿದರೂ ಮುಂದಿನ ದಾರಿ ಹೇಳುತ್ತಾರೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ.

ಗುಟ್ಕಾ ಬಗ್ಗೆ ಎರಡು ಮಾತು ಹೇಳದಿದ್ದರೆ ನಮ್ಮ ಜಿಲ್ಲೆಯ ಬರಹ ಇದಾಗುವುದಿಲ್ಲ. 1952ರಲ್ಲೇ ಶ್ವಾರ್ಟ್ಜ್ ಎಂಬ ವೈದ್ಯರು ಕೀನ್ಯಾದಲ್ಲಿದ್ದ ಐವರು ಭಾರತೀಯ ಹೆಂಗಸರ ಬಾಯಿ ಬಿಗಿದುಕೊಂಡದ್ದನ್ನು ದಾಖಲಿಸಿದ್ದರು. ಅಡಿಕೆ ಅಗಿಯುವವರ ಬಾಯಿ ಮೂರು ಬೆರಳು ಹಿಡಿಯದಷ್ಟು ಬಿಗಿಯುವ ಆ ಕಾಯಿಲೆಯನ್ನು ಸಣ್ಣ ಸ್ಯಾಷೆ ಬಂದ ಮೇಲೆ ನಾವು ಹೈಸ್ಕೂಲು ಹುಡುಗರಲ್ಲೇ ಕಾಣುವಂತಾಯಿತು. ಬಾಯಿ ತೆರೆಯದವನ ನಾಲಿಗೆಯ ಹುಣ್ಣು ಡಾಕ್ಟರಿಗೆ ಕಾಣುವುದಾದರೂ ಹೇಗೆ? ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಈಗ ಅಂಗಡಿಯಲ್ಲಿ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ. ಬೆರೆಸಿಕೊಳ್ಳುವ ಕೆಲಸ ಮಾತ್ರ ಗಿರಾಕಿಯದ್ದು. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರ ವರದಿಯಲ್ಲಿ ಹೇಳಿದೆ. ಈ ಸಾಲು ಓದಿ ಸಿಟ್ಟಾಗುವವರು ಇರುತ್ತೀರಿ, ಗೊತ್ತು. ನಮ್ಮ ಮನೆಯಲ್ಲೂ ಅರ್ಧ ಎಕರೆ ತೋಟ ಇದೆ, ನಮ್ಮ ಡಿಪ್ಲೊಮಾ ಫೀಸು ಕಟ್ಟಿದ್ದು ಅಡಿಕೆಯೇ.

ಆಪರೇಷನ್ ಆಯಿತು. ನಾಲಿಗೆಯ ಎಡಭಾಗ ತೆಗೆದು, ಕತ್ತಿನ ಗ್ರಂಥಿ ತೆಗೆದು, ಮುಂಗೈಯಿಂದ ಚರ್ಮ ರಕ್ತನಾಳ ಸಮೇತ ತಂದು ನಾಲಿಗೆಗೆ ಹೊಲಿದರು. ಈ ಮುಂಗೈ ಚರ್ಮದ ಕಸುಬು ಚೀನಾದ ಸರ್ಜನ್ನರು 1980ರ ಆಸುಪಾಸಿನಲ್ಲಿ ಜಗತ್ತಿಗೆ ಕಲಿಸಿದ್ದು, ಹಿಂದೆ ಅದಕ್ಕೆ ಚೀನೀ ಫ್ಲ್ಯಾಪ್ ಎಂದೇ ಹೆಸರಿತ್ತು. ಶಾನ್ ಮಾರ್ಸಿಯ ಕಾಲಕ್ಕೂ ಇಂದಿಗೂ ಇರುವ ದೊಡ್ಡ ವ್ಯತ್ಯಾಸಗಳಲ್ಲಿ ಇದೂ ಒಂದು. ಗ್ರಂಥಿಗಳಲ್ಲಿ ಒಂದಕ್ಕೆ ಕಾಯಿಲೆ ಇಳಿದಿತ್ತು, ಹಾಗಾಗಿ ಕರೆಂಟೂ ಕೊಟ್ಟರು. ಮರುಕಳಿಸುವುದಿದ್ದರೆ ಹೆಚ್ಚಾಗಿ ಮೊದಲ ಎರಡು ವರ್ಷದೊಳಗೆ. ಅವನಿಗೆ ಈಗ ಒಂದು ವರ್ಷ ಎರಡು ತಿಂಗಳು.

ಪೇಪರಿಗೆ ತಿದ್ದುಪಡಿ ಕಳಿಸಿದೆವು. ಹಳೇ ಸುದ್ದಿ, ಬಿಡಿ ಅಂದರು. ಆ ಕಟಿಂಗ್ ಈಗಲೂ ವಾಟ್ಸ್ಆ್ಯಪಿನಲ್ಲಿ ಓಡಾಡುತ್ತಿದೆ. ನಿಮ್ಮ ಗ್ರೂಪಿಗೆ ಬಂದರೆ ಅದರ ಕೆಳಗೆ ಈ ಬರಹ ಹಾಕಿ.

ಮೊನ್ನೆ ಸಂತೆ ದಿನ ಹುಡುಗ ಸಿಕ್ಕಿದ್ದ. ರ, ಟ, ಳ ಇನ್ನೂ ಸರಿಯಾಗಿ ಬರುವುದಿಲ್ಲ. ಖಾರ ತಿನ್ನಲಾಗುವುದಿಲ್ಲ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಾನಂತೆ. ಮುಂಗೈ ಮೇಲಿನ ಗಾಯದ ಗುರುತು ತೋರಿಸಿ, "ಈಗ ನಂದು ಕೈಯೇ ಮಾತಾಡ್ತೈತಿ ನೋಡ್ರಿ ಅಣ್ಣ" ಅಂದ. "ಅಣ್ಣ" ಮಾತ್ರ ಸ್ಪಷ್ಟವಾಗಿ ಕೇಳಿಸಿತು, ಉಳಿದದ್ದನ್ನು ಅವರಪ್ಪ ಬಿಡಿಸಿ ಹೇಳಿದರು. ಮುಂದಿನ ತಿಂಗಳು 9ಕ್ಕೆ ಚೆಕಪ್ ಇದೆ. ಬೆಳಗಿನ ಬಸ್ಸಿಗೆ ಹೋಗುತ್ತಾರೆ.